ಹೊಸಬರ ಅಡಿಗೆ: ಬರಹಕ್ಕೆ ಬಾರದ ಒಂದು ಶಾಸ್ತ್ರದ ಚರಿತ್ರೆ

ಕನ್ನಡ ವಾಙ್ಮಯದಲ್ಲಿ ಪಾಕಶಾಸ್ತ್ರಕ್ಕೆ ಕೊರತೆಯಿಲ್ಲವೆಂಬುದು ವಾಚಕರಿಗೆ ವಿದಿತವಾದ ಸಂಗತಿಯೇ ಆಗಿದೆ. ಸಾವಿರ ವರ್ಷಗಳಿಗೂ ಮಿಗಿಲಾಗಿ ನಮ್ಮ ಕವಿಗಳೂ ಅರಸರೂ ಭಕ್ಷ್ಯಭೋಜ್ಯಗಳನ್ನು ಆದರದಿಂದ ವರ್ಣಿಸುತ್ತ ಬಂದಿದ್ದಾರೆ. ಆದರೆ ಒಲೆಯ ಮುಂದೆ ಮೊದಲ ಸಲ ನಿಂತ ಹುಡುಗನೋ ಹುಡುಗಿಯೋ ಈ ಗ್ರಂಥರಾಶಿಯನ್ನೆಲ್ಲ ಮುಂದಿಟ್ಟುಕೊಂಡು, ಒಂದು ಪಾವು ಅಕ್ಕಿಗೆ ಎಷ್ಟು ನೀರಿಡಬೇಕು, ಸಾರಿಗೆ ಹುಣಿಸೆಯ ಹುಳಿಯನ್ನು ಯಾವಾಗ ಬಿಡಬೇಕು ಎಂದು ಕೇಳಿದರೆ ಉತ್ತರ ದೊರೆಯುವುದು ಬಹು ಕಷ್ಟ. ಮಂಡಿಗೆಯ ವಿಷಯ ಅಲ್ಲಿದೆ. ಗಂಜಿಯ ವಿಷಯ ಅರಿದು. ಯಾವುದನ್ನು ಎಲ್ಲರೂ ದಿನವೂ ಉಣ್ಣುತ್ತಿದ್ದರೋ ಅದನ್ನೇ ಯಾರೂ ಬರೆದಿಡಲಿಲ್ಲ. ಹೀಗಾದುದಕ್ಕೆ ಕಾರಣವೇನು, ಬರೆದಿಟ್ಟವರು ಯಾರಾದರೂ ಇದ್ದರೆ ಅವರು ಯಾರು, ಆ ಬರಹದಿಂದ ಇಂದಿನ ಹೊಸಬನಿಗೆ ಏನಾದರೂ ಪ್ರಯೋಜನವುಂಟೆ ಎಂಬುದನ್ನು ಈ ಲೇಖನದಲ್ಲಿ ಸ್ವಲ್ಪ ವಿವೇಚಿಸಬೇಕೆಂದು ಉದ್ದೇಶಿಸಿದೆ.

ಮೊದಲು ಗ್ರಂಥಗಳನ್ನು ನೋಡೋಣ. ಸುಮಾರು ಕ್ರಿ. ಶ. ೯೨೦ರದೆಂದು ಎಣಿಸುವ ಶಿವಕೋಟ್ಯಾಚಾರ್ಯನ ವಡ್ಡಾರಾಧನೆಯಲ್ಲಿ ಅತಿಥಿಗೆ ಬಡಿಸಿದ ಭಕ್ಷ್ಯಗಳ ನಡುವೆ ಇಡ್ಡಲಿಗೆಯ ಹೆಸರು ಬರುತ್ತದೆ. ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನೂ ಬೆರಸುವ ಕ್ರಮವು ಉಕ್ತವಾಗಿದೆ. ಅದರಿಂದ ನೂರು ವರ್ಷಗಳ ತರುವಾಯ, ಸುಮಾರು ೧೧೨೯ರಲ್ಲಿ, ಕಲ್ಯಾಣದ ದೊರೆಯಾದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗಪ್ರಕರಣವಂತೂ ಒಂದು ರಾಜಭೋಜನಶಾಲೆಯೇ ಸರಿ. ಅಲ್ಲಿ ಎಂಟು ಬಗೆಯ ಅಕ್ಕಿಗಳ ಹೆಸರುಗಳಿವೆ. ಇಡ್ಡರಿಕೆಯಿದೆ, ಧೋಸಕವಿದೆ, ವಟಕವಿದೆ, ಮಂಡಕವಿದೆ. ಸುಮಾರು ೧೫೦೮ರಲ್ಲಿದ್ದ ಕಲ್ಲಹಳ್ಳಿಯ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಕನ್ನಡ ಷಟ್ಪದಿಯಲ್ಲಿಯೇ ಹೇಳಿದನು. ಆತನು ಜೈನನಾದುದರಿಂದ ಗ್ರಂಥವೆಲ್ಲವೂ ಶಾಕಾಹಾರಕ್ಕೆ ಮೀಸಲಾಗಿದೆ, ಬದನೆಕಾಯಿಗಂತೂ ವಿಶೇಷ ಮರ್ಯಾದೆಯೇ ಸಂದಿದೆ. ಕಡೆಗೆ ೧೭೦೯ರಲ್ಲಿ ಕೆಳದಿಯ ಬಸವಭೂಪಾಲನ ಶಿವತತ್ತ್ವರತ್ನಾಕರ. ಅದರಲ್ಲಿಯೂ ಪಾಕಶಾಲೆಯ ವಿಚಾರಕ್ಕೆ ಸ್ಥಳವಿದೆ.

ಈ ಗ್ರಂಥಗಳನ್ನು ಹೊಗಳುವಾಗ ನಮ್ಮವರು ಇಡ್ಲಿಯ ಬಳಿಗೆ ಬಂದೊಡನೆ ಬೀಗುವುದು ವಾಡಿಕೆ. ಅದು ಇರಲಿ. ಆದರೆ ಇತಿಹಾಸಕಾರನು ಬೀಗುವ ಮುನ್ನ ಓದಬೇಕು. ಆಹಾರಚರಿತ್ರೆಯನ್ನು ಆಳವಾಗಿ ಶೋಧಿಸಿದ ಕೆ. ಟಿ. ಅಚಯ್ಯನವರು ತಮ್ಮ ೧೯೯೪ರ ಗ್ರಂಥದಲ್ಲಿ ತೋರಿಸಿರುವಂತೆ, ಹಳೆಯ ಉಲ್ಲೇಖಗಳಲ್ಲಿ ಉದ್ದಿನೊಡನೆ ಅಕ್ಕಿಯ ತರಿಯನ್ನು ಸೇರಿಸುವುದಾಗಲಿ, ಹಿಟ್ಟನ್ನು ಬಹಳ ಹೊತ್ತು ಹುಳಿಯಿಡುವುದಾಗಲಿ, ಹಬೆಯಲ್ಲಿ ಬೇಯಿಸುವುದಾಗಲಿ ಕಾಣುವುದಿಲ್ಲ. ಸೋಮೇಶ್ವರನ ಇಡ್ಡರಿಕೆಯನ್ನು ತುಪ್ಪದಲ್ಲಿ ಕರಿಯುತ್ತಿದ್ದರು. ಹೆಸರು ಸಾವಿರ ವರ್ಷದ್ದು. ವಸ್ತು ಅಷ್ಟು ಹಳೆಯದಲ್ಲ. ಅದೂ ಅಲ್ಲದೆ ಇಡ್ಲಿಯು ಹೊಸಬನ ಅಡಿಗೆಯೂ ಅಲ್ಲ. ಹಿಟ್ಟು ಉಕ್ಕುವುದು ಹವೆಯನ್ನು ಅವಲಂಬಿಸಿದೆ. ಚಳಿಗಾಲದಲ್ಲಿ ನುರಿತವರ ಕೈಯನ್ನೂ ಅದು ಕೆಲವೊಮ್ಮೆ ಮೋಸಗೊಳಿಸುವುದುಂಟು. ಆದುದರಿಂದ ಇಡ್ಲಿಯನ್ನು ಅದರ ಕೀರ್ತಿಗೇ ಬಿಟ್ಟು ನಾವು ಮುಂದೆ ಹೋಗಬಹುದು.

ಈ ಗ್ರಂಥಕರ್ತರಲ್ಲಿ ಬಹುಮಂದಿ ದೊರೆಗಳು, ಇಲ್ಲವೆ ದೊರೆಗಳ ಆಶ್ರಯದಲ್ಲಿದ್ದವರು. ಪಾಕಶಾಸ್ತ್ರವು ಅವರಿಗೆ ಗಜಶಾಸ್ತ್ರ, ರತ್ನಪರೀಕ್ಷೆ, ಜಲಕ್ರೀಡೆಗಳಂತೆ ರಾಜಭೋಗದ ಒಂದು ಅಂಗ. ಹೇಳಬೇಕಾದುದು ಅಪೂರ್ವವಾದುದನ್ನು, ನಿತ್ಯದ್ದನ್ನು ಹೇಳುವುದರಲ್ಲಿ ಏನು ಸ್ವಾರಸ್ಯ? ಪುರಾಣಗಳಲ್ಲಿಯೂ ಖ್ಯಾತಿವೆತ್ತ ಬಾಣಸಿಗರು ಪುರುಷರೇ ಆಗಿದ್ದಾರೆಂಬುದನ್ನು ಗಮನಿಸಬೇಕು. ನಳಮಹಾರಾಜನ ಹೆಸರಿನಲ್ಲಿ ನಳಪಾಕವು ಗಾದೆಯಾಗಿ ನಿಂತಿದೆ. ವಿರಾಟನ ಮನೆಯಲ್ಲಿ ಸೌಟನ್ನು ಹಿಡಿದ ಭೀಮಸೇನನು ವಲಲನೆಂಬ ಹೆಸರಿನಿಂದ ಕನ್ನಡಿಗರಿಗೆ ಪರಿಚಿತನು. ಆದರೆ ಊರೂರಿನ ಮನೆಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಎಸರಿಟ್ಟವರು ಹೆಂಗಸರು. ಅವರಿಗೆ ಬರಹವಿರಲಿಲ್ಲ; ಇದ್ದ ಕೆಲವರಿಗೂ ಅಡಿಗೆಯನ್ನು ಬರೆಯುವ ಅವಶ್ಯಕತೆ ತೋರಲಿಲ್ಲ. ಮಗಳು ಮಗ್ಗುಲಲ್ಲಿ ನಿಂತು ನೋಡುತ್ತಿದ್ದಳು, ಸೊಸೆಯು ಅತ್ತೆಯ ಕೈಯನ್ನು ನೋಡುತ್ತಿದ್ದಳು. ಒಂದು ಚಿಟಿಕೆ, ಒಂದು ಹಿಡಿ, ಕೈಯಂದಾಜು ಎಂಬ ಮಾತುಗಳೇ ಅವರ ತೂಕದ ಕಲ್ಲುಗಳಾಗಿದ್ದವು. ಹೀಗೆ ಕೈಯಿಂದ ಕೈಗೆ ದಾಟುವ ವಿದ್ಯೆಯ ಒಂದು ಕೊಂಡಿ ಕಳಚಿದರೂ ಮುಂದಿನವರಿಗೆ ಅದು ಇಲ್ಲವಾದಂತೆಯೇ. ತಾಳೆಗರಿಯು ಹುಳು ತಿಂದರೆ ಇನ್ನೊಂದು ಪ್ರತಿಯನ್ನು ಹುಡುಕಬಹುದು, ಕೈಯಂದಾಜಿಗೆ ಪ್ರತಿಯೆಲ್ಲಿದೆ?

ಹಾಗಾದರೆ ಸರಳವಾದ ಅಡಿಗೆಯನ್ನು ಯಾರೂ ಬರೆಯಲೇ ಇಲ್ಲವೆ? ಬರೆದಿದ್ದಾರೆ; ಆದರೆ ಬರೆದವರು ಬಾಣಸಿಗರಲ್ಲ. ಬೃಹದಾರಣ್ಯಕ ಉಪನಿಷತ್ತಿನ ಕಡೆಯ ಭಾಗದಲ್ಲಿ ಒಂದು ಪ್ರಕರಣವಿದೆ. ವೇದವನ್ನು ಬಲ್ಲ ಮಗನು ಹುಟ್ಟಬೇಕೆಂದು ಬಯಸುವ ದಂಪತಿಗಳು ಹಾಲನ್ನವನ್ನು, ಎರಡು ವೇದಗಳನ್ನು ಬಲ್ಲವನು ಬೇಕೆಂದರೆ ಮೊಸರನ್ನವನ್ನು, ಮೂರು ವೇದಗಳಾದರೆ ನೀರಿನಲ್ಲಿ ಬೆಂದ ಅನ್ನವನ್ನು ಮಾಡಿಸಿ ತುಪ್ಪದೊಡನೆ ಉಣ್ಣಬೇಕೆಂದು ಅಲ್ಲಿ ವಿಧಿಸಿದೆ. ಪಂಡಿತೆಯಾದ ಮಗಳು ಬೇಕೆಂದರೆ ಎಳ್ಳನ್ನವನ್ನು ಉಣ್ಣಬೇಕು. ವಿಧಿಯ ಫಲವನ್ನು ವೈದಿಕರು ವಿಚಾರಿಸಲಿ. ನಮಗೆ ಮುಖ್ಯವಾದುದು, ಹಾಲನ್ನ, ಮೊಸರನ್ನ, ಎಳ್ಳನ್ನಗಳೆಂಬ ಬರಿಯ ಅನ್ನದ ಅಡಿಗೆಗಳು ಅಷ್ಟು ಪುರಾತನ ಕಾಲದಲ್ಲಿಯೇ ಒಂದು ಪಂಕ್ತಿಯಾಗಿ ನಿಂತಿವೆಯೆಂಬುದು. ಮೇಲೋಗರವಿಲ್ಲ, ಸಂಬಾರವಿಲ್ಲ. ಇಂದಿಗೂ ನಮ್ಮ ಚಿತ್ರಾನ್ನ, ಹುಳಿಯನ್ನ, ಎಳ್ಳಿನ ಪುಡಿಯ ಅನ್ನಗಳು ಇದೇ ಮನೆತನಕ್ಕೆ ಸೇರಿದವು.

ಎರಡನೆಯ ಲೇಖಕನು ವೈದ್ಯ. ಹೊಸಬರ ಅಡಿಗೆಗೆ ನಮ್ಮ ದೇಶದಲ್ಲಿ ಆದಿಗುರುವಾರೆಂದು ಕೇಳಿದರೆ ನಾನು ನಳನನ್ನಲ್ಲ, ವೈದ್ಯನನ್ನೇ ತೋರಿಸುತ್ತೇನೆ. ರೋಗಿಯ ಪಥ್ಯದಲ್ಲಿ ಕೈಯಂದಾಜು ನಡೆಯದಷ್ಟೆ, ಅಳತೆ ಬೇಕು. ಆಯುರ್ವೇದಪಂಡಿತರ ಪರಂಪರೆಯಲ್ಲಿ ಒಂದು ಸುಪ್ರಸಿದ್ಧವಾದ ಪರಿಭಾಷೆಯುಂಟು: ಅನ್ನಕ್ಕೆ ಅಕ್ಕಿಯ ಐದರಷ್ಟು ನೀರು, ವಿಲೇಪಿಗೆ ನಾಲ್ಕರಷ್ಟು, ಯವಾಗುವಿಗೆ ಆರರಷ್ಟು, ಮಂಡಕ್ಕೆ ಹದಿನಾಲ್ಕರಷ್ಟು. ಮಂಡವೆಂದರೆ ಅಗುಳಿಲ್ಲದ ತಿಳಿಗಂಜಿ. ವಿಲೇಪಿಯೆಂದರೆ ಸೌಟಿಗೆ ಅಂಟುವ ಗಟ್ಟಿಯಾದ ಗಂಜಿ. ಅನ್ನಕ್ಕೆ ಐದರಷ್ಟು ನೀರೆಂದೊಡನೆ ಇಂದಿನ ತರುಣರು ನಗಬಹುದು. ಆದರೆ ಅದು ಬಸಿದ ಅನ್ನ. ಅಗುಳು ಬೆಂದೊಡನೆ ಮಿಕ್ಕ ನೀರನ್ನು ಬಸಿದುಬಿಡುತ್ತಿದ್ದರು. ಆ ಬಸಿದ ನೀರೇ ಮನೆಯ ಮಕ್ಕಳಿಗೂ ಮುದುಕರಿಗೂ ತಿಳಿಯಾಗಿ ಸಲ್ಲುತ್ತಿತ್ತು. ವಿಲೇಪಿಗೆ ಅನ್ನಕ್ಕಿಂತಲೂ ಕಡಿಮೆ ನೀರೇಕೆಂದು ಸಂದೇಹಪಡುವವರಿಗೂ ಇದೇ ಉತ್ತರ, ವಿಲೇಪಿಯನ್ನು ಬಸಿಯುವುದಿಲ್ಲ.

ಚರಕಸಂಹಿತೆಯಲ್ಲಿ ಇನ್ನೂ ಸ್ವಾರಸ್ಯವಾದ ಒಂದು ಕ್ರಮವಿದೆ. ವಮನ ವಿರೇಚನಾದಿಗಳಿಂದ ಶೋಧನ ಮಾಡಿಸಿಕೊಂಡ ರೋಗಿಯ ಜಠರಾಗ್ನಿಯು ಮಂದವಾಗಿರುವುದರಿಂದ ಅವನಿಗೆ ಒಮ್ಮೆಗೇ ಪೂರ್ಣ ಭೋಜನವನ್ನು ಕೊಡಬಾರದು. ಸಣ್ಣ ಕಿಡಿಗೆ ಹುಲ್ಲನ್ನೂ ಬೆರಣಿಯನ್ನೂ ಸ್ವಲ್ಪಸ್ವಲ್ಪವಾಗಿ ಒಡ್ಡಿ ದೊಡ್ಡ ಬೆಂಕಿಯನ್ನಾಗಿ ಮಾಡುವಂತೆ, ಮೊದಲು ಪೇಯ, ಬಳಿಕ ವಿಲೇಪಿ, ಬಳಿಕ ಅಕೃತಯೂಷ, ಬಳಿಕ ಕೃತಯೂಷ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಯೂಷವೆಂದರೆ ಬೇಳೆಕಾಳುಗಳನ್ನು ಬೇಯಿಸಿ ತೆಗೆದ ಕಟ್ಟು. ಉಪ್ಪು, ಜಿಡ್ಡು, ಸಂಬಾರಗಳಿಲ್ಲದ್ದು ಅಕೃತ. ಅವನ್ನು ಸೇರಿಸಿದ್ದು ಕೃತ. ನಮ್ಮ ಮನೆಯ ಭಾಷೆಯಲ್ಲಿ ಹೇಳುವುದಾದರೆ ಮೊದಲಿನದು ಬೇಳೆಯ ಕಟ್ಟು, ಎರಡನೆಯದು ಒಗ್ಗರಣೆಯ ಸಾರು.

ಈ ಮೆಟ್ಟಿಲುಗಳನ್ನು ನಾನು ಮತ್ತೆ ಮತ್ತೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗಿ ಗೋಚರವಾಯಿತು. ದುರ್ಬಲವಾದ ಹೊಟ್ಟೆಗೆಂದು ಆಚಾರ್ಯರು ಕಟ್ಟಿದ ಈ ಸೋಪಾನವೇ ಅಡಿಗೆಯನ್ನು ಅರಿಯದ ಕೈಗೂ ತಕ್ಕ ಸೋಪಾನ. ತೆಳ್ಳನೆಯ ಗಂಜಿಯನ್ನು ಕೆಡಿಸುವುದು ಕಷ್ಟ. ಅಕ್ಕಿ ತುಸು ಹೆಚ್ಚು ಬೆಂದರೂ ನೀರು ತುಸು ಹೆಚ್ಚಾದರೂ ಅದು ಗಂಜಿಯಾಗಿಯೇ ಇರುತ್ತದೆ. ಒಂದು ಲೋಟ ಅಕ್ಕಿಯನ್ನು ಎರಡು ಮೂರು ಸಲ ತೊಳೆದು ಹತ್ತು ಹನ್ನೆರಡು ಲೋಟ ನೀರಿನಲ್ಲಿ ಹಾಕಿ, ಕುದಿ ಬಂದ ಮೇಲೆ ಉರಿಯನ್ನು ತಗ್ಗಿಸಿ, ಆಗಾಗ ತಳವನ್ನು ಕೆದಕುತ್ತಿದ್ದರೆ ಸಾಕು. ಇಷ್ಟರಿಂದಲೇ ಹೊಸಬನು ಕುದಿಗೂ ಬೇಯುವುದಕ್ಕೂ ಇರುವ ವ್ಯತ್ಯಾಸವನ್ನು ಕಲಿಯುತ್ತಾನೆ. ಉಕ್ಕಿ ಒಲೆಯ ಮೇಲೆ ಚೆಲ್ಲಿದರೆ ಉರಿಯ ವಿಷಯವನ್ನೂ ಕಲಿಯುತ್ತಾನೆ. ಆ ಮೇಲೆ ಐದರಷ್ಟು ನೀರಿನ ಬಸಿದ ಅನ್ನ. ಇಲ್ಲಿ ಒಂದು ಅಗುಳನ್ನು ಎರಡು ಬೆರಳುಗಳ ನಡುವೆ ಒತ್ತಿ ನೋಡುವ ಪರೀಕ್ಷೆಯು ಬರುತ್ತದೆ; ನಡುವೆ ಬಿಳಿಯ ಕಾಳು ಉಳಿದಿದ್ದರೆ ಇನ್ನೂ ಬೇಯಬೇಕು. ಒಂದು ಅಗುಳನ್ನು ನೋಡಿ ಇಡಿಯ ಮಡಕೆಯ ಪಾಕವನ್ನು ನಿರ್ಣಯಿಸುವ ಈ ನ್ಯಾಯವನ್ನು ತಾರ್ಕಿಕರು ಸ್ಥಾಲೀಪುಲಾಕನ್ಯಾಯವೆಂದು ತಮ್ಮ ಶಾಸ್ತ್ರಕ್ಕೇ ಸೇರಿಸಿಕೊಂಡರು. ಅಡಿಗೆಯ ಮನೆಯ ಹೆಂಗಸರಿಂದ ತರ್ಕಶಾಸ್ತ್ರವು ತೆಗೆದುಕೊಂಡ ಸಾಲವಿದು.

ಮೂರನೆಯ ಮೆಟ್ಟಿಲಾದ ಬೇಳೆಯಲ್ಲಿಯೇ ಹೊಸಬರು ಮುಗ್ಗರಿಸುವುದು. ತೊಗರಿಬೇಳೆಯನ್ನು ಅರಿಸಿನದೊಡನೆ, ಒಂದು ತೊಟ್ಟು ಎಣ್ಣೆಯನ್ನು ಬಿಟ್ಟು, ಬರಿಯ ನೀರಿನಲ್ಲಿ ಬೇಯಿಸಬೇಕು. ಹುಣಿಸೆಯ ಹುಳಿಯನ್ನು ಮೊದಲೇ ಬಿಟ್ಟರೆ ಬೇಳೆ ಬೇಯದು. ಕಾಳಿನ ಕಣಗಳನ್ನು ಹಿಡಿದು ನಿಲ್ಲಿಸಿರುವ ಅಂಟು ಬಿಸಿನೀರಿನಲ್ಲಿ ಕರಗಿದರಷ್ಟೇ ಬೇಳೆ ಒಡೆಯುವುದು. ಹುಳಿಯು ಆ ಅಂಟನ್ನು ಕರಗಗೊಡುವುದಿಲ್ಲ. ಗಡಸುನೀರಿನಲ್ಲಿಯೂ ಇದೇ ಪಾಡು. ಅಜ್ಜಿಯರು ಕಾರಣವನ್ನು ಹೇಳುತ್ತಿರಲಿಲ್ಲ. ಹುಳಿಯನ್ನು ಕಡೆಗೆ ಹಾಕು ಎಂದಷ್ಟೇ ಹೇಳುತ್ತಿದ್ದರು. ಬೆಂದ ಬೇಳೆಯನ್ನು ಕಡೆದು ಉಪ್ಪು, ಇಂಗು, ತುಪ್ಪಗಳನ್ನು ಸೇರಿಸಿದರೆ ತೊವ್ವೆ. ಸೋಮೇಶ್ವರನ ವಿದಳಪಾಕವೆಂಬುದು, ಬೇಳೆಗಳನ್ನು ಮೆಲ್ಲನೆಯ ಉರಿಯಲ್ಲಿ ಇಂಗಿನ ನೀರು, ಅರಿಸಿನ, ಸೈಂಧವಲವಣಗಳೊಡನೆ ಪಕ್ವಮಾಡುವ ವಿಧಾನ, ಈ ತೊವ್ವೆಯ ಹತ್ತಿರದ ನೆಂಟನೆಂದು ನನಗೆ ತೋರುತ್ತದೆ. ಅರಮನೆಯ ಗ್ರಂಥದಲ್ಲಿ ಬಡವರ ಮನೆಯ ಅಡಿಗೆಯು ಹೀಗೆ ಅಲ್ಲಲ್ಲಿ ಇಣಿಕಿ ನೋಡುವುದುಂಟು.

ಇನ್ನು ಮೂರನೆಯ ಬಗೆಯ ಲೇಖಕರು ಪರದೇಶಿಗಳು. ಮನೆಯವರಿಗೆ ಸಾಮಾನ್ಯವೆನಿಸಿದುದು ದಾರಿಹೋಕನಿಗೆ ಅಚ್ಚರಿಯಾಗುತ್ತದೆ. ಮೊರಾಕ್ಕೊ ದೇಶದ ಇಬ್ನ್ ಬತೂತನು ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದು, ಹೆಸರನ್ನು ಅಕ್ಕಿಯೊಡನೆ ಬೇಯಿಸಿ ತುಪ್ಪವನ್ನು ಹಾಕಿ ತಿನ್ನುವರೆಂದೂ ಇದಕ್ಕೆ ಕಿಶ್ರಿಯೆಂದು ಹೆಸರೆಂದೂ ದಿನವೂ ಬೆಳಗಿನ ಊಟ ಇದೇ ಎಂದೂ ಬರೆದನು. ರಷ್ಯಾದ ವರ್ತಕ ಅಫನಾಸಿ ನಿಕಿತಿನನು ೧೪೬೯ರಿಂದ ೧೪೭೨ರ ವರೆಗೆ ಬಹಮನಿ ರಾಜ್ಯದಲ್ಲಿ ತಿರುಗಾಡಿ ಬೀದರಿನಲ್ಲಿಯೂ ಬಹುಕಾಲವಿದ್ದನು. ಆತನು ಖಿಚಡಿಯನ್ನು ಹೇಳುವುದು ಕುದುರೆಗಳ ಮೇವಿನ ಪ್ರಸಂಗದಲ್ಲಿ! ಕುದುರೆಗಳಿಗೆ ಕಾಳನ್ನು ತಿನ್ನಿಸುವರೆಂದೂ, ಸಕ್ಕರೆ ಮತ್ತು ಎಣ್ಣೆಗಳನ್ನು ಸೇರಿಸಿ ಖಿಚಡಿಯನ್ನು ಬೇಯಿಸಿ ಕೊಡುವರೆಂದೂ ಆತನ ಬರಹ. ಸೋಮೇಶ್ವರನು ರಾಜಭೋಜನವನ್ನು ವರ್ಣಿಸಿದ ಕಲ್ಯಾಣದಿಂದ ಬೀದರು ದೂರವಲ್ಲ. ಮೂರೂವರೆ ಶತಮಾನಗಳ ಅಂತರದಲ್ಲಿ ಅದೇ ಸೀಮೆಯ ಒಂದು ಕಡೆ ಅರಸನ ತಟ್ಟೆಯೂ ಇನ್ನೊಂದು ಕಡೆ ಕುದುರೆಯ ಗೋದಲಿಯೂ ಬರಹಕ್ಕೆ ಬಂದವು. ನಡುವೆ ಇದ್ದ ಒಕ್ಕಲಿಗನ ಮಣ್ಣಿನ ಪರಿಯಾಣವನ್ನು ಹೊಗಳಿದವರಿಲ್ಲ.

ಅಳತೆಯನ್ನು ಕೊಟ್ಟವನು ಅಕ್ಬರನ ಮಂತ್ರಿಯಾದ ಅಬುಲ್ ಫಜಲನು. ೧೫೯೦ರ ಸುಮಾರಿನ ಆತನ ಐನ್-ಇ-ಅಕ್ಬರಿಯಲ್ಲಿ ಅಕ್ಕಿ, ಬೇಳೆ, ತುಪ್ಪ ಇವು ಒಂದೊಂದೂ ಐದು ಸೇರು, ಉಪ್ಪು ಸೇರಿನ ಮೂರರಲ್ಲೊಂದು ಪಾಲು, ಇದರಿಂದ ಏಳು ತಟ್ಟೆ ಖಿಚಡಿಯಾಗುತ್ತದೆ ಎಂದು ಲೆಕ್ಕವಿದೆ. ಅಕ್ಕಿಯಷ್ಟೇ ತುಪ್ಪ! ಇದು ಬಾದಶಹನ ಉಗ್ರಾಣದ ಲೆಕ್ಕವೇ ಹೊರತು ಮನೆಯ ಅಡಿಗೆಯಲ್ಲ. ಹೊಸಬರು ಇದನ್ನು ಅನುಸರಿಸದಿರುವುದು ಒಳಿತು. ಆದರೂ ಬಾಯಂದಾಜನ್ನು ಬಿಟ್ಟು ತೂಕವನ್ನು ಹೇಳಿದ್ದಕ್ಕಾಗಿ ಆ ಲೆಕ್ಕಿಗನಿಗೆ ನಾವು ಕೃತಜ್ಞರಾಗಿರಬೇಕು. ನಮ್ಮ ಹುಗ್ಗಿಯೂ ಇದೇ ಜಾತಿಯದು. ಎರಡು ಪಾಲು ಅಕ್ಕಿಗೆ ಒಂದು ಪಾಲು ಹೆಸರುಬೇಳೆಯನ್ನು ತೆಗೆದುಕೊಂಡು, ಬೇಳೆಯನ್ನು ಬರಿಯ ಬಾಣಲೆಯಲ್ಲಿ ಘಮ್ಮೆನ್ನುವ ವರೆಗೆ ಹುರಿದು, ಒಟ್ಟು ಅಳತೆಯ ನಾಲ್ಕೈದರಷ್ಟು ನೀರಿನಲ್ಲಿ ಬೇಯಿಸಿ, ಮೆಣಸು, ಜೀರಿಗೆ, ಶುಂಠಿಗಳ ತುಪ್ಪದ ಒಗ್ಗರಣೆಯನ್ನು ಕೊಟ್ಟರೆ ಸಂಕ್ರಾಂತಿಯ ಹಬ್ಬಕ್ಕೂ ಸಲ್ಲುವುದು, ಜ್ವರದಿಂದ ಎದ್ದವನಿಗೂ ಸಲ್ಲುವುದು. ಒಂದೇ ಪಾತ್ರೆಯಲ್ಲಿ ಮುಗಿಯುವುದರಿಂದ ಒಂಟಿಯಾಗಿ ಇರುವವರಿಗೆ ಇದಕ್ಕಿಂತ ಅನುಕೂಲವಾದ ಊಟವನ್ನು ನಾನು ಕಾಣೆ.

ಗ್ರಂಥಗಳು ಮೌನವಾಗಿರುವಲ್ಲಿ ನೆಲವು ಮಾತನಾಡುತ್ತದೆ. ಬಳ್ಳಾರಿಯ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಮುಂತಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿದ ಪ್ರಾಕ್ತನಶಾಸ್ತ್ರಜ್ಞರಿಗೆ ಕರಿಕಾದ ಹುರುಳಿ, ಹೆಸರು, ಕೊರಲೆಯ ಕಾಳುಗಳು ದೊರೆತಿವೆ. ಇಂದಿಗೆ ನಾಲ್ಕು ಸಾವಿರ ವರ್ಷಗಳ ಹಿಂದಿನ ಒಲೆಯ ಪಳೆಯುಳಿಕೆಗಳಿವು. ರಾಗಿಯು ಆಫ್ರಿಕದಿಂದ ಬಂದ ಅತಿಥಿ, ತೊಗರಿಯು ಪೂರ್ವದೇಶದಿಂದ ಬಂದುದು. ಆದರೆ ಹುರುಳಿಯೂ ಹೆಸರೂ ಕೊರಲೆಯೂ ಈ ದಕ್ಷಿಣಾಪಥದ ಹುಟ್ಟುಮಕ್ಕಳೆಂದು ವಿದ್ವಾಂಸರ ಅಭಿಪ್ರಾಯ. ಆದುದರಿಂದ ನಮ್ಮ ನಾಡಿನ ಅತಿ ಪ್ರಾಚೀನ ಅಡಿಗೆ ಯಾವುದೆಂದು ಯಾರಾದರೂ ಪಂಥ ಹೂಡಿದರೆ ನಾನು ಇಡ್ಲಿಯನ್ನು ಬಿಟ್ಟು ಹುರುಳಿಯ ಕಟ್ಟಿನ ಮೇಲೆ ಹಣವನ್ನು ಇಡುವೆನು. ರಾತ್ರಿ ನೆನೆಯಿಟ್ಟ ಹುರುಳಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ, ಬಸಿದ ನೀರು ಸಾರಿಗೆ, ಉಳಿದ ಕಾಳು ಪಲ್ಯಕ್ಕೆ. ಹಳೆಯ ಮೈಸೂರು ಸೀಮೆಯವರು ಬಸ್ಸಾರೆನ್ನುವ ಹೆಸರಿನಲ್ಲಿಯೇ ಈ ಬಸಿಯುವ ಕ್ರಿಯೆ ಉಳಿದುಬಂದಿದೆ.

ರಾಗಿಯು ಅತಿಥಿಯೆಂದೆನಷ್ಟೆ. ಬಂದ ಮೇಲೆ ಅದು ಮನೆಯ ಯಜಮಾನನೇ ಆಯಿತು. ಹದಿನಾರನೆಯ ಶತಮಾನದಲ್ಲಿ ಕನಕದಾಸರು ರಾಮಧಾನ್ಯಚರಿತೆಯಲ್ಲಿ ಅಕ್ಕಿಗೂ ರಾಗಿಗೂ ವಾದವನ್ನು ಹೂಡಿಸಿ ಶ್ರೀರಾಮನ ಸಭೆಯಲ್ಲಿ ರಾಗಿಯನ್ನು ಗೆಲ್ಲಿಸಿದರು. ಶರಣಪರಂಪರೆಯಲ್ಲಿ ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನೇ ಸವಿದನೆಂಬ ಕಥೆಯು ಮನೆಮಾತಾಗಿದೆ. ಅರಮನೆಯ ಪಾಕಶಾಸ್ತ್ರಗಳು ಕಡೆಗಣಿಸಿದ ಊಟಕ್ಕೆ ಭಕ್ತರ ವಾಙ್ಮಯವು ಗದ್ದುಗೆಯನ್ನು ಹಾಕಿತು. ಮುದ್ದೆಯನ್ನು ತೊಳಸುವುದಕ್ಕೆ ತೋಳಿನ ಬಲವೂ ಅನುಭವವೂ ಬೇಕು. ಹೊಸಬರು ಅಂಬಲಿಯಿಂದ ತೊಡಗುವುದು ಲೇಸು. ರಾಗಿಯ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದರಿಯೇ ಕುದಿಯುವ ಎಸರಿಗೆ ಬಿಡಬೇಕು. ಒಣಹಿಟ್ಟನ್ನು ನೇರವಾಗಿ ಸುರಿದರೆ ಹೊರಮೈ ಮಾತ್ರ ಒಡನೆ ಬೆಂದು ಗಟ್ಟಿಯಾಗಿ, ಒಳಗಿನ ಹಿಟ್ಟಿಗೆ ನೀರು ತಾಗದೆ ಗಂಟಾಗುತ್ತದೆ. ಬೆಂದು ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ.

ಮುಂದೆ ಒಂದು ದೊಡ್ಡ ಪಲ್ಲಟವಾಯಿತು. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗುಗಳು ಅಮೆರಿಕ ಖಂಡದ ಒಂದು ಖಾರವಾದ ಕಾಯನ್ನು ನಮ್ಮ ಕರಾವಳಿಗೆ ತಂದವು. ಕನ್ನಡಿಗರು ಅದನ್ನು ಕಂಡು, ಇದು ಮೆಣಸಿನಂತೆ ಸುಡುವ ಕಾಯಿ, ಆದುದರಿಂದ ಮೆಣಸಿನಕಾಯಿ ಎಂದರು. ಕಾಲಕ್ರಮದಲ್ಲಿ ಬಂದವನೇ ಮನೆಯನ್ನು ಆಕ್ರಮಿಸಿದನು. ಮೊದಲು ಬರಿಯ ಮೆಣಸೆಂಬ ಹೆಸರಿದ್ದುದು ತಾನು ಬೇರೆಯೆಂದು ತೋರಿಸಿಕೊಳ್ಳುವುದಕ್ಕಾಗಿ ಕರಿಮೆಣಸು, ಕಾಳುಮೆಣಸು, ದಕ್ಷಿಣ ಕನ್ನಡದಲ್ಲಿ ಒಳ್ಳೆಮೆಣಸು ಎಂಬ ವಿಶೇಷಣಗಳನ್ನು ತೊಟ್ಟುಕೊಳ್ಳಬೇಕಾಯಿತು. ಆಲೂಗಡ್ಡೆಯನ್ನು ಕರಾವಳಿಯವರು ಬಟಾಟೆಯೆನ್ನುವುದು ಪೋರ್ತುಗೀಸ್ ಶಬ್ದದಿಂದಲೇ. ಇಂದು ಹೊಸಬರು ಮೊದಲು ಕಲಿಯುವ ಆಲೂಗಡ್ಡೆಯ ಪಲ್ಯ, ಟೊಮೇಟೊ ಸಾರುಗಳನ್ನು ಮಂಗರಸನು ಕನಸಿನಲ್ಲಿಯೂ ಕಂಡಿರಲಿಲ್ಲ. ಮೆಣಸಿನ ಸಾರಿನ ಪ್ರಾಚೀನತೆ ಬೇರೆ. ತಮಿಳಿನಲ್ಲಿ ಮಿಳಗುತಣ್ಣೀರು ಎನಿಸಿಕೊಂಡ ಅದನ್ನು ಮದರಾಸಿನ ಆಂಗ್ಲರು ಮಲ್ಲಿಗಟಾನಿಯೆಂದು ಕರೆದು, ಮಾಂಸವನ್ನು ಸೇರಿಸಿ, ತಮ್ಮ ದೇಶಕ್ಕೂ ಒಯ್ದರು. ರೋಗಿಯ ಪಥ್ಯವು ಆಂಗ್ಲರ ಔತಣದ ಮೇಜಿನ ಮೇಲೆ ಕುಳಿತ ಕಥೆಯಿದು.

ಇಪ್ಪತ್ತನೆಯ ಶತಮಾನದಲ್ಲಿ ಕೊಂಡಿ ಕಳಚತೊಡಗಿತು. ಓದಿಗೂ ನೌಕರಿಗೂ ಊರು ಬಿಟ್ಟು ಹೋದವರು ಹೆಚ್ಚಿದರು. ಹೊಸದಾಗಿ ಮದುವೆಯಾದವಳಿಗೆ ದೂರದ ಪಟ್ಟಣದಲ್ಲಿ ಅತ್ತೆಯೂ ಇಲ್ಲ, ತಾಯಿಯೂ ಇಲ್ಲ. ಈ ಕೊರತೆಯನ್ನು ತುಂಬಿದವಳು ಅರಸನೂ ಅಲ್ಲ, ಪಂಡಿತನೂ ಅಲ್ಲ, ಮದರಾಸಿನ ಒಬ್ಬ ಗೃಹಿಣಿ. ೧೯೫೧ರಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ತಮಿಳಿನಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನ ಅರ್ಥವೇ ಅಡಿಗೆ ಮಾಡಿ ನೋಡು ಎಂಬುದಾಗಿದೆ. ಏನೂ ಬಾರದವರಿಗಾಗಿಯೇ ಬರೆದದ್ದು, ಅಳತೆಯುಂಟು, ಕ್ರಮವುಂಟು. ಅದು ಎಷ್ಟೋ ನವವಧುಗಳ ಪೆಟ್ಟಿಗೆಯಲ್ಲಿ ಸಮುದ್ರವನ್ನು ದಾಟಿತು. ಮಂಗರಸನ ಷಟ್ಪದಿಗಿಂತಲೂ ಈ ಗದ್ಯವೇ ಹೆಚ್ಚು ಹೊಟ್ಟೆಗಳನ್ನು ತುಂಬಿಸಿದೆಯೆಂದರೆ ಕವಿಗೆ ಅವಮಾನವಾಗಲಾರದು.

ಕಷ್ಟಕಾಲಗಳೂ ಸರಳವಾದ ಅಡಿಗೆಗಳನ್ನು ಸೃಷ್ಟಿಸಿವೆ. ೧೯೪೨ರಲ್ಲಿ ಜಪಾನಿಯರು ಬರ್ಮಾವನ್ನು ಹಿಡಿದುದರಿಂದ ಅಲ್ಲಿನ ಅಕ್ಕಿ ನಿಂತುಹೋಯಿತು. ಆ ಯುದ್ಧಕಾಲದ ಅಭಾವದಲ್ಲಿ ಅಕ್ಕಿಗೆ ಬದಲಾಗಿ ರವೆಯನ್ನು ಬಳಸಿ ರವೆಯಿಡ್ಲಿಯನ್ನು ಮಾಡಿದೆವೆಂಬುದು ೧೯೨೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರ ಹೇಳಿಕೆ. ಅರೆಯುವ ಕೆಲಸವಿಲ್ಲ, ರಾತ್ರಿಯಿಡೀ ಹುಳಿಯಿಡಬೇಕಾಗಿಲ್ಲ. ಹೀಗೆ ಇಡ್ಲಿಯು ಅಂತೂ ಹೊಸಬರ ಕೈಗೆಟಕುವಷ್ಟು ಕೆಳಗಿಳಿದು ಬಂದಿತು. ಉಪ್ಪಿಟ್ಟಿನ ಮಾತನ್ನು ಬೇರೆ ಹೇಳಬೇಕಾಗಿಲ್ಲ; ಹೊಸದಾಗಿ ಸೌಟು ಹಿಡಿದವರೆಲ್ಲರೂ ಅದರ ಋಣಿಗಳು.

೧೯೫೯ರ ಸುಮಾರಿಗೆ ನಮ್ಮ ದೇಶದಲ್ಲಿ ಪ್ರೆಷರ್ ಕುಕ್ಕರುಗಳು ತಯಾರಾಗತೊಡಗಿ, ಕ್ರಮೇಣ ಮನೆಮನೆಯನ್ನು ಹೊಕ್ಕವು. ಬೇಳೆ ಬೇಯದೆಂಬ ಹಳೆಯ ಗೋಳು ಬಹುಮಟ್ಟಿಗೆ ತೀರಿತು. ಆದರೆ ಅದರೊಡನೆ ಐದರಷ್ಟು ನೀರಿನ ಪರಿಭಾಷೆಯೂ ಹೋಯಿತು. ಎರಡರಷ್ಟು, ಎರಡೂವರೆಯಷ್ಟು ನೀರನ್ನು ಅಕ್ಕಿಯೇ ಕುಡಿದುಬಿಡುವುದರಿಂದ ಬಸಿಯುವುದಕ್ಕೆ ಏನೂ ಉಳಿಯದು. ತಿಳಿಯೆಂಬ ಮಾತು ಪಟ್ಟಣದ ಮಕ್ಕಳಿಗೆ ಈಗ ಅರ್ಥವಾಗುವುದಿಲ್ಲ. ಮುಚ್ಚಳದ ಕೆಳಗೆ ಏನಾಗುತ್ತಿದೆಯೆಂಬುದು ಕಾಣದೆ ಇರುವುದರಿಂದ ಅಗುಳನ್ನು ಒತ್ತಿ ನೋಡುವ ಬೆರಳೂ ತನ್ನ ಕೆಲಸವನ್ನು ಕಳೆದುಕೊಂಡಿತು. ಕುಕ್ಕರನ್ನು ನಾನು ದೂರುತ್ತಿಲ್ಲ. ದುಡಿದು ದಣಿದು ಬಂದ ಹೆಂಗಸಿಗೆ ಅದು ಮಾಡಿರುವ ಉಪಕಾರವು ಅಲ್ಪವಲ್ಲ. ಕಲಿಯುವವನು ಮಾತ್ರ ಮೊದಲ ಕೆಲವು ದಿನಗಳಾದರೂ ತೆರೆದ ಪಾತ್ರೆಯಲ್ಲಿ ಬೇಯಿಸಲಿ ಎಂಬುದಷ್ಟೇ ನನ್ನ ಸಲಹೆ.

ಕಡೆಯದಾಗಿ ಮೊಸರನ್ನ. ಇದಕ್ಕೂ ಒಂದು ವಿಧಿಯೆ ಎಂದು ಕೇಳುವವರುಂಟು. ವಿಧಿಯುಂಟು. ಅನ್ನವನ್ನು ತುಸು 'ಹೆಚ್ಚು ನೀರಿಟ್ಟು' ಮೆತ್ತಗೆ ಮಾಡಿ, ಬಿಸಿಯಿರುವಾಗಲೇ ಮಿದಿದು, ಚೆನ್ನಾಗಿ ಆರಿದ ಮೇಲೆಯೇ ಮೊಸರನ್ನು ಸೇರಿಸಬೇಕು; ಬಿಸಿಯನ್ನಕ್ಕೆ ಬಿದ್ದ ಮೊಸರು ಒಡೆದು ನೀರು ಬಿಡುತ್ತದೆ. ಬುತ್ತಿ ಕಟ್ಟಿಕೊಂಡು ಹೋಗುವುದಾದರೆ ಹಾಲನ್ನು ಹೆಚ್ಚಾಗಿಯೂ ಮೊಸರನ್ನು ಕಡಿಮೆಯಾಗಿಯೂ ಬೆರಸಬೇಕು. ದಾರಿಯಲ್ಲಿಯೇ ಅದು ಹದವಾಗಿ ಹೆಪ್ಪುಗೊಂಡು ಊಟದ ಹೊತ್ತಿಗೆ ಹುಳಿಯಾಗದೆ ಇರುತ್ತದೆ. ಎಣ್ಣೆ ಕಾದು ಸಾಸಿವೆ ಸಿಡಿದ ಮೇಲೆ ಇಂಗನ್ನೂ ಕರಿಬೇವನ್ನೂ ಹಾಕಿದ ಒಗ್ಗರಣೆ.

ಇದೇ ಇಬ್ನ್ ಬತೂತನು ೧೩೪೦ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದನು. ಅಲ್ಲಿನ ಸುಲ್ತಾನನ ಮನೆಯ ಊಟವನ್ನು ಆತನು ವಿವರವಾಗಿ ಬರೆದಿದ್ದಾನೆ. ತಾಮ್ರದ ಸೌಟಿನಿಂದ ಮೊದಲು ಅನ್ನವನ್ನು ಬಡಿಸಿ ತುಪ್ಪವನ್ನು ಹಾಕುವರು. ಮಗ್ಗುಲಲ್ಲಿ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ. ಮೆಣಸಿನಕಾಯಿಯು ಇನ್ನೂ ಹಡಗು ಹತ್ತದಿದ್ದ ಕಾಲವದು. ಬಳಿಕ ಅನ್ನವನ್ನು ಮತ್ತೆ ಮತ್ತೆ ಬಡಿಸುತ್ತ ಒಂದೊಂದು ಸಲಕ್ಕೆ ಒಂದೊಂದು ಮೇಲೋಗರ. ರೊಟ್ಟಿಯನ್ನೇ ಕಾಣದೆ ಬರಿಯ ಅನ್ನದಲ್ಲಿ ಆ ಪರದೇಶಿಯು ಹನ್ನೊಂದು ತಿಂಗಳುಗಳನ್ನು ಕಳೆದನಂತೆ. ಎಲ್ಲಕ್ಕೂ ಕಡೆಯಲ್ಲಿ ಮೊಸರನ್ನು ತರುತ್ತಿದ್ದರೆಂದೂ, ಅದು ಬಂದಿತೆಂದರೆ ಇನ್ನು ಬಡಿಸುವುದು ಏನೂ ಉಳಿದಿಲ್ಲವೆಂದು ಉಣ್ಣುವವನು ತಿಳಿಯಬೇಕೆಂದೂ ಆತನು ಹೇಳಿದ್ದಾನೆ.